ಎಲ್ಲಿಂದ

ಇಪ್ಪತ್ತೆರಡು ವರ್ಷ ನಾನು ಕೇಳಿದ್ದು ಒಂದೇ ಪ್ರಶ್ನೆ:
ಎಲ್ಲಿಗೆ?
ಎಲ್ಲಿಂದ ಅಂತ ಕೇಳುವ ಗೊಡವೆ ಕಂಡಕ್ಟರಿಗಿಲ್ಲ,
ಹತ್ತಿದ ಸ್ಟಾಪು ಕಣ್ಣಿಗೇ ಕಂಡಿರುತ್ತೆ.

ಮುಟ್ಟು ನಿಂತು ಎರಡು ವರ್ಷ ಕಳೆದಿತ್ತು.
ತೂಬಿನಕೆರೆ ದಾಟುವಾಗ ತೊಡೆಗೆ ಬಿಸಿ ಇಳಿಯಿತು,
ಲೆಕ್ಕ ತೀರಿಸಿ ಹೋದ ನೆಂಟ
ಮತ್ತೆ ಬಾಗಿಲು ತಟ್ಟಿದ ಹಾಗೆ.
ಚೀಲವನ್ನು ಹಿಂದಕ್ಕೆ ಸರಿಸಿ, ಖಾಕಿಯ ಕಲೆ ಮುಚ್ಚಿ,
ಮೈಸೂರಿನ ತನಕ ನಿಂತೇ ಬಂದೆ.
ನನ್ನ ಸೀಟು ಖಾಲಿಯೇ ಇತ್ತು.

ಸ್ಕ್ಯಾನಿನ ಹುಡುಗಿ ಮಾತಾಡುತ್ತಾ ಇದ್ದವಳು
ನಡುವೆ ಮಾತು ನಿಲ್ಲಿಸಿದಳು.
ಗರ್ಭಕೋಶದ ಒಳಗೋಡೆಯಲ್ಲಿ ಒಂದು,
ಎಡಗಡೆಯ ಅಂಡಾಶಯದಲ್ಲಿ ಇನ್ನೊಂದು.
ನಡುವೆ ನಾಲ್ಕು ಬೆರಳಿನ ದಾರಿ.

ಡಾಕ್ಟರ್ ಬೋಪಯ್ಯ ಚೀಟಿಯ ಹಿಂದೆ ಬರೆದು ತೋರಿಸಿದರು,
ಒಂದು ಸೀಬೆಹಣ್ಣು, ಎರಡು ಬಾದಾಮಿ.
"ಇಲ್ಲಿಂದ ಅಲ್ಲಿಗೆ ಹೋಗಿದ್ದರೆ ಒಂದೇ ಕ್ಯಾನ್ಸರು, ಮೂರನೇ ಹಂತ.
ಬೇರೆ ಬೇರೆ ಹುಟ್ಟಿದ್ದರೆ ಎರಡು ಕ್ಯಾನ್ಸರು,
ಎರಡೂ ಮೊದಲನೇ ಹಂತ.
ತೆಗೆದು ನೋಡದೆ ಹೇಳಲಾರೆ, ದೇವಾಜಮ್ಮ."
ಮೂರು ಸಲ ಹೇಳಿಸಿಕೊಂಡೆ.
ಎರಡು ಒಂದಕ್ಕಿಂತ ಕಡಿಮೆಯಾಗುವ ಲೆಕ್ಕ
ನನ್ನ ಟಿಕೆಟ್ ಮೆಷಿನ್ನಿಗೂ ಬರಲ್ಲ.

ಮಂಡ್ಯದಿಂದ ತಂಗಿ ಫೋನು ಮಾಡಿದಳು:
"ಅಕ್ಕಾ, ಬಲಗಡೆ ಹೂ ಬಿತ್ತು, ಒಂದೂ ಇರಲ್ಲ ನೋಡು."
ನಾನು ವಾರ್ಡಿನ ಗೋಡೆ ಕಡೆ ತಿರುಗಿ ಮಲಗಿ
ಬೇರೆಯದೇ ಬೇಡುತ್ತಿದ್ದೆ.
ಎರಡಿರಲಿ, ನನ್ನಪ್ಪ, ಎರಡೇ ಇರಲಿ.
ಇಂಥ ಹರಕೆಗೆ ಏನು ಒಪ್ಪಿಸುತ್ತಾರೋ
ಯಾವ ಪೂಜಾರಿಯನ್ನು ಕೇಳಲಿ?

ಕೋಶ, ಕೊಳವೆ, ಅಂಡಾಶಯ, ಅಕ್ಕಪಕ್ಕದ ಗಂಟುಗಳು,
ಎಲ್ಲ ತೆಗೆದರು.
ಹನ್ನೊಂದು ದಿನ ಕಾದೆ.
ಹನ್ನೆರಡನೇ ದಿನ, ನಾನೂ ನೋಡಬೇಕು ಅಂತ
ಹೊಲಿಗೆ ಒತ್ತಿಹಿಡಿದು ನೆಲಮಾಳಿಗೆಗೆ ಇಳಿದೆ.
ಡಾಕ್ಟರ್ ತರನ್ನುಮ್ ತಮ್ಮ ಸ್ಟೂಲು ಬಿಟ್ಟುಕೊಟ್ಟರು.

ಗಾಜಿನಲ್ಲಿ ನೇರಳೆ, ಗುಲಾಬಿ,
ಹೆಂಗಸರಿಗೆ ಹರಿದುಕೊಡುವ ಸೊನ್ನೆ ಟಿಕೆಟ್ಟಿನ ಗುಲಾಬಿ.
"ಎರಡೂ ಒಂದೇ ಥರ ಇವೆಯಲ್ಲ ಮೇಡಂ?"
"ಅದೇ ತಲೆನೋವು," ಅಂದರು.

ಇಂಡುವಾಳಿನಲ್ಲಿ ಒಬ್ಬ, ತೂಬಿನಕೆರೆಯಲ್ಲಿ ಒಬ್ಬ ಹತ್ತಿ
ಒಂದೇ ಬಣ್ಣದ ಅಂಗಿಯಲ್ಲಿ ಪಕ್ಕಪಕ್ಕ ಕೂತರೆ
ಚೆಕಿಂಗಿನವರು ಜೊತೆಯವರು ಅಂದುಕೊಳ್ತಾರೆ ಮೇಡಂ,
ಟಿಕೆಟ್ಟು ನೋಡಿ ಅಂತೀನಿ ನಾನು.

ನಕ್ಕರು. ಗಾಜು ಬದಲಿಸಿದರು.
ಕೋಶದ್ದು ಮಾಂಸದ ಆಳಕ್ಕೆ ಇಳಿದಿಲ್ಲ.
ಕೊಳವೆ ಚೊಕ್ಕ, ಆ ದಾರಿಯಲ್ಲಿ ಯಾರೂ ನಡೆದ ಗುರುತಿಲ್ಲ.
ಅಂಡಾಶಯದ ಸಿಪ್ಪೆ ಒಡೆದಿಲ್ಲ,
ಅದರ ಮಗ್ಗುಲಲ್ಲೇ ಕಂದುಬಣ್ಣದ ಹಳೇ ರಕ್ತ, ಗಂಟು ಕಟ್ಟಿದ್ದು.
"ಇದೇ ಇದರ ತವರು. ಹೊಟ್ಟೆನೋವು ಎಷ್ಟು ವರ್ಷದಿಂದ?"

ಎಷ್ಟು ವರ್ಷದಿಂದ.
ಎಂಟನೇ ಕ್ಲಾಸಿನಿಂದ ಮೇಡಂ.
ಎಲ್ಲರಿಗೂ ಬರುತ್ತೆ ಅಂತ ಅವ್ವ ಮೆಂತ್ಯ ನೆನೆಸಿ ಕೊಟ್ಟಳು.
ಎಲ್ಲರಿಗೂ ಬರುತ್ತೆ ಅಂತ ನಾನೂ
ತಿಂಗಳಿಗೆ ಮೂರು ದಿನ ಕಂಬಿಗೆ ಹೊಟ್ಟೆ ಒತ್ತಿ
ಚಿಲ್ಲರೆ ಎಣಿಸಿದೆ.

"ಜೀನಿನ ಒಳಗೆ ಹೊಕ್ಕು ನೋಡಿದರೆ
ಎರಡಕ್ಕೂ ಒಂದೇ ಬೇರು ಅಂತಲೂ ಬರಬಹುದು.
ಆದರೂ ನಡೆ ಮೆತ್ತಗಿನದು," ಅಂದರು,
ಖಂಡಿತ ಅನ್ನುವ ಮಾತು ಮಾತ್ರ ಆಡಲಿಲ್ಲ.
ಕಿಮೋ ಬೇಡ, ಮೂರು ತಿಂಗಳಿಗೊಮ್ಮೆ ಬನ್ನಿ.
ಸೋದರಮಾವ ಕರುಳಿನ ಕ್ಯಾನ್ಸರಿನಲ್ಲಿ ಹೋದ ಕತೆ
ಎಲ್ಲ ಬರೆದುಕೊಂಡು
ಮಗಳು ಬಿಂದುಶ್ರೀಯ ರಕ್ತವನ್ನೂ ಕಳಿಸಿದ್ದಾರೆ.
ವರದಿ ಬಂದಿಲ್ಲ.

ಡ್ಯೂಟಿಗೆ ಬಂದು ಇವತ್ತಿಗೆ ಒಂಬತ್ತು ದಿನ.
ಇಂಡುವಾಳಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಹತ್ತಿ
ಕಂಬಿಗೆ ಹೊಟ್ಟೆ ಒತ್ತಿ ನಿಂತಳು.
ನನ್ನ ಸೀಟು ತೋರಿಸಿದೆ.
ಯಾವಾಗಿಂದಮ್ಮಾ, ಅಂತ ಕೇಳಿದೆ.
"ಶ್ರೀರಂಗಪಟ್ಟಣ," ಅಂದು
ಟಿಕೆಟ್ಟಿಗೆ ಕೈಚಾಚಿದಳು.