ಎದುರು ಬರುವಾಗ

ಎರಡು ತಿಂಗಳ ಬಾಡಿಗೆಯ ಬದಲು
ಮೇಲಿನ ರೂಮಿನ ಡಿಪ್ಲೊಮಾ ಹುಡುಗ ಬಿಟ್ಟುಹೋದದ್ದು
ಒಂದು ರಿಮೋಟು, ನಾಲ್ಕು ಪುಟ್ಟ ಸರ್ವೋ,
ಹೆಬ್ಬೆರಳಿನಷ್ಟು ಒಂದು ಮೋಟಾರು,
ಮತ್ತೆ ಈ ಮರದ ಹಾಳೆಗಳ ಕಟ್ಟು.

ನೀರೊಲೆಗಾದರೂ ಆದೀತೆಂದು ಎತ್ತಿದೆ.
ಕೈಗೆ ಏನೂ ಬಂದಂತಾಗಲಿಲ್ಲ.
ಮದುವೆ ದಿನ ನನ್ನ ಹಣೆಗೆ ಕಟ್ಟಿದ್ದ
ಬಾಸಿಂಗದ ಬೆಂಡೂ ಇದಕ್ಕಿಂತ ಭಾರವಿತ್ತು.

"ಬಾಲ್ಸಾ ಕಣಕ್ಕ" ಎಂದ ಸಿದ್ದಪ್ಪಾಜಿ,
ಗುತ್ತಲು ರಸ್ತೆಯಲ್ಲಿ ಪಂಪ್‌ಸೆಟ್ಟುಗಳಿಗೆ ತಂತಿ ಸುತ್ತುವವನು.
"ಇದ್ರಲ್ಲಿ ಇಮಾನ ಮಾಡ್ತಾರೆ."
"ಯಾರು?"
"ಗೊತ್ತಿರೋರು."

ಮುರಿದ ಸೂಜಿಯ ಹಾಗೆ
ಬೆರಳಲ್ಲೇ ಉಳಿಯಿತು ಆ ಮಾತು.
ಮೂವತ್ತೊಂದು ವರ್ಷ ಅರ್ಧ ಮಂಡ್ಯಕ್ಕೆ
ರವಿಕೆ ಹೊಲಿದವಳು ನಾನು.
ಚಪ್ಪಟೆ ಬಟ್ಟೆಗೆ ಉಬ್ಬು ಕೊಡುವುದು
ನನಗೆ ಗೊತ್ತಿಲ್ಲವೇ?

ಕ್ಯಾಲೆಂಡರಿನ ಡಿಸೆಂಬರ್ ಹಾಳೆಯ ಬೆನ್ನಿಗೆ
ನೀಲಿ ಚಾಕಿನಲ್ಲಿ ಎಳೆದೆ ಮೊದಲ ರೆಕ್ಕೆ.
ಮುಂದೆ ಗುಂಡಗೆ, ಹಿಂದೆ ಸವೆದು ಚೂಪು,
ತೋಳಿನ ಕಟಿಂಗೇ, ಅಡ್ಡ ಮಲಗಿಸಿದ್ದು ಅಷ್ಟೆ.
ಹದಿನೇಳು ಪಕ್ಕೆಲುಬು ಬ್ಲೇಡಿನಲ್ಲಿ ಕೊಯ್ದು
ಗುಂಡುಪಿನ್ನು ಚುಚ್ಚಿ ಸಾಲಾಗಿ ನಿಲ್ಲಿಸಿದೆ.
ಅಂಟಿನ ಹೊಗೆಗೆ ಕಣ್ಣಲ್ಲಿ ನೀರು.
ಬಂದ ಗಿರಾಕಿ, "ಯಾರಿಗೇನಾಯ್ತಕ್ಕ?" ಅಂದಳು.
ನಾಳೆ ಸಂಜೆ ಬಾ ಎಂದೆ, ಎಂದಿನಂತೆ.

ಮೊದಲನೆಯದು ಬಾಲ ಭಾರ.
ಕಬ್ಬು ಕಡಿದ ಗದ್ದೆಯಲ್ಲಿ ಎಸೆದದ್ದೇ ತಡ
ಮೂತಿ ಎತ್ತಿ, ಗಳಿಗೆ ಹೊತ್ತು ಯೋಚಿಸಿ,
ಹಿಂದಕ್ಕೆ ಜಾರಿ ಕೂಳೆಯ ಮೇಲೆ ಬಿತ್ತು.
ಸಿದ್ದಪ್ಪಾಜಿ ಬೀಡಿ ಹಚ್ಚಿದ, ಏನೂ ಹೇಳಲಿಲ್ಲ.
ನಾನು ಮಡಿಲಿಗೆ ಚೂರು ಆರಿಸಿಕೊಂಡೆ.
ಬಿಚ್ಚಿ ಹೊಲಿಯುವುದು ನನಗೇನು ಹೊಸತೆ?

ಈ ಸಲ ಮೂತಿ ಎರಡು ಬೆರಳು ಉದ್ದ.
ಅದರೊಳಗೆ ನಾಲ್ಕು ಕಬ್ಬಿಣದ ಬಾಬಿನ್ನು, ದಾರ ಸಮೇತ.
ಕೊರಿಯರಿನಲ್ಲಿ ಬಂದ ಕುಂಕುಮ ಬಣ್ಣದ ಹಾಳೆಗೆ
ಇಸ್ತ್ರಿಪೆಟ್ಟಿಗೆ, ನೈಲಾನಿನ ಹದದಲ್ಲಿ.
ಸುಕ್ಕೆಲ್ಲ ತಾನೇ ಎಳೆದುಕೊಂಡು
ತಮಟೆಯ ಹಾಗೆ ಬಿಗಿಯಾಯಿತು ಮೈ.
ರೆಕ್ಕೆಯಡಿ ಎರಡೇ ಬೆರಳಿಟ್ಟು ಎತ್ತಿದೆ.
ಅಕ್ಕಸಾಲಿಗನ ತಕ್ಕಡಿ. ನಿಂತಿತು.

ಹೊಳಲಿನಾಚೆ, ನಾಲೆ ನಿಲ್ಲಿಸಿದ ತಿಂಗಳು,
ಭತ್ತ ಕೊಯ್ದ ಬಯಲಲ್ಲಿ ಸಿದ್ದಪ್ಪಾಜಿ ಎಸೆದ.
ಬೆಳ್ಳಕ್ಕಿಗಳು ದಾರಿ ಬಿಟ್ಟವು.
ಹೋಗುವಾಗ ಸಲೀಸು,
ಎಡವೆಂದರೆ ಎಡ, ಬಲವೆಂದರೆ ಬಲ.
ತಿರುಗಿ ನನ್ನತ್ತ ಮುಖ ಮಾಡಿದಾಗ ಕಷ್ಟ.
ಆ ಹುಡುಗನ ಮೂರೂ ಮುರಿದದ್ದು ಇಲ್ಲೇ ಅಂತೆ.
"ಉಲ್ಟಾ ಅಕ್ಕ, ಈಗೆಲ್ಲ ಉಲ್ಟಾ!"

ಸುಮ್ಮನಿರೋ.
ಎದುರು ನಿಂತ ಹೆಂಗಸರ ಎಡ ಭುಜವನ್ನು
ದಿನವೂ ಬಲಗೈಯಲ್ಲಿ ಅಳೆದವಳು ನಾನು.
ಬಿಂದಿಗೆ ಹೊತ್ತು, ಮಗು ಹೊತ್ತು
ಒಂದು ಭುಜ ಇಳಿದೇ ಇರುತ್ತದೆ ಎಷ್ಟೋ ಜನಕ್ಕೆ.
ಹೇಳುವುದಿಲ್ಲ. ಆ ಕಡೆ ಒಂದೆಳೆ ಏರಿಸಿ ಹೊಲಿಯುತ್ತೇನೆ.
ಕನ್ನಡಿ ನೋಡಿಕೊಂಡು ನೆಟ್ಟಗೆ ಹೋಗುತ್ತಾರೆ.

ಇದರ ಎಡ ರೆಕ್ಕೆಯೂ ತುಸು ಇಳಿದಿತ್ತು.
ಕೇಳದೆಯೇ ಏರಿಸಿತು ಬೆರಳು.
ತಲೆಯ ಮೇಲೆ ಹಾದುಹೋಗುವಾಗ
ಒಳಗಿನ ಹದಿನೇಳೂ ಪಕ್ಕೆಲುಬು
ಬಿಸಿಲಿಗೆ ಹಿಡಿದ ಸೀರೆಯಲ್ಲಿ ಕಂಡಂತೆ ಕಂಡವು.

ಇಳಿಯುವಾಗ ಬದುವಿಗೆ ತಾಗಿ ಒಂದು ಮುರಿಯಿತು.

ಮನೆ ಬಾಗಿಲಲ್ಲಿ ಮಾಯಿಗಮ್ಮ ಕೂತಿದ್ದಳು,
ನಾದಿನಿ ಮದುವೆ, ಮೂರು ರವಿಕೆ,
ಒಂದಕ್ಕೂ ಕತ್ತರಿ ಬಿದ್ದಿಲ್ಲ.
ಬಾಬಿನ್ನಿಗೆ ಕೈಹಾಕಿದರೆ ಡಬ್ಬಿ ಖಾಲಿ.
ವಿಮಾನದ ಮೂತಿ ಬಿಚ್ಚಿ ಹಸಿರು ದಾರದ್ದು ತೆಗೆದು
ಮೆಷಿನ್ನಿಗೆ ಹಾಕಿ ತುಳಿದೆ.

ದಾರಕ್ಕೆ ಸ್ವಲ್ಪ ಅಂಟಿನ ವಾಸನೆ ಇತ್ತು.
ಮಾಯಿಗಮ್ಮ ಕೇಳಲಿಲ್ಲ.