ಕತ್ತರಿ ಯಾರದು

ಕರಾರುಪತ್ರ ಏಳು ಪುಟ.
ಛಾಪಾ ಕಾಗದದ ನೆತ್ತಿಯಲ್ಲಿ ನಾನು:
ವಿಠೋಬ ಮಹೇಂದ್ರಕರ್ ಬಿನ್ ತುಕಾರಾಮ,
ಸಾಕಿನ್ ಕೌಲ್ ಬಜಾರ್, ಬಳ್ಳಾರಿ,
ಇನ್ನು ಮುಂದೆ 'ಗುತ್ತಿಗೆದಾರ' ಎಂದು ಕರೆಯಲ್ಪಡುವವನು.

ಇನ್ನು ಮುಂದೆ.
ನಿನ್ನೆಯವರೆಗೂ ಮಾಸ್ತರ್ ಅನ್ನುತ್ತಿದ್ದರು.
ಹತ್ತೊಂಬತ್ತು ವರ್ಷ ಜೀನ್ಸ್ ಬಟ್ಟೆ ಕತ್ತರಿಸಿದ್ದೇನೆ,
ಎಂಬತ್ತು ಪದರ ಒಂದರ ಮೇಲೊಂದು ಹಾಸಿ
ಸುಣ್ಣದ ಗೆರೆಗುಂಟ ಮಿಷನ್ನು ತಳ್ಳಿದರೆ
ಅಡಿಯ ಪದರ ಮೇಲಿನದಕ್ಕೆ
ಒಂದು ನೂಲೂ ತಪ್ಪಿದ್ದಿಲ್ಲ.

"ಸಹಿ ಹಾಕೋ ಮುಂಚೆ ತಿಳಿದೋರಿಗೆ ತೋರಿಸ್ರಿ"
ಅಂದಳು ಅಂಬೂಬಾಯಿ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.
ಏನು ತಿಳಿದವರಿಗೆ ಅಂತ
ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ಗಾದಿಲಿಂಗಪ್ಪನವರ ಹತ್ತಿರ ಹೋದೆ,
ಮೋತಿ ಸರ್ಕಲ್ಲಿನ ಹಿಂದೆ, ಕಬ್ಬಿಣದ ಮೆಟ್ಟಿಲು ಹತ್ತಿ.
ಅವರು ನೇರ ನಾಲ್ಕನೇ ಪುಟಕ್ಕೆ ಇಳಿದರು,
ಅಲ್ಲಿ ಅಂಕಿ ಇದ್ದವು.
"ಪಗಾರ ಅಂದ್ರೆ ಪಿ.ಎಫ್. ಹಿಡೀತಾರೆ.
ಗುತ್ತಿಗೆ ಅಂದ್ರೆ ನೂರಕ್ಕೆ ಒಂದು,
ಅದೂ ರಿಟರ್ನ್ ತುಂಬಿದ್ರೆ ವಾಪಸ್. ಕೈಗೆ ಜಾಸ್ತಿನೇ ಬರ್ತೈತೆ."
ನಾನು ಖರೇನೇ ಗುತ್ತಿಗೆದಾರನಾ, ಸರ್?
ಕನ್ನಡಕ ಹಣೆಗೇರಿಸಿದರು.
"ಹಂಗಂತ ಬರ್ದಾರೆ. ಬರ್ದಿದ್ದನ್ನ ನಾನು ತುಂಬ್ತೀನಿ.
ಬರ್ದಿದ್ದು ಖರೇನೋ ಸುಳ್ಳೋ ನೋಡೋ ಅಂಗಡಿ ಬೇರೆ."
ದುಡ್ಡು ಮುಟ್ಟಲಿಲ್ಲ. ಮಗನ ಪ್ಯಾಂಟಿನ ಸೊಂಟ
ಎರಡಿಂಚು ಬಿಡಿಸಿಕೊಡು ಅಂದರು, ಅಷ್ಟೇ.

ಕೋರ್ಟಿನ ಎದುರಿನ ಓಣಿಯಲ್ಲಿ ಹಂಪಮ್ಮ ವಕೀಲರು.
ನಾಲ್ಕನೇ ಪುಟವನ್ನು ನೊಣ ಓಡಿಸಿದಂತೆ ಮಗುಚಿದರು.
"ಕತ್ತರಿ ಯಾರದು?"
ಮಿಷನ್ನು ಸಾಹುಕಾರರದು.
ಕೈಕತ್ತರಿ ನಮ್ಮಪ್ಪಂದು, ಹನ್ನೊಂದಿಂಚಿಂದು.
"ಗಂಟೆ ಯಾರದು?"
ಯಾವ ಗಂಟೆ?
"ಎಂಟೂವರೆಗೆ ಬಾರಿಸೋದು."
ಅದೂ ಅವರದೇ.
"ಬೇರೆ ಯುನಿಟ್ಟಿನ ಬಟ್ಟೆ ಕತ್ತರಿಸಿದ್ರೆ?"
ನಕ್ಕೆ. ಕಾಲು ಮುರೀತಾರ್ರೀ ಅಮ್ಮಾ.
"ಜ್ವರ ಬಂದ್ರೆ ಬದಲಿ ಕಳಿಸಬಹುದು ಅಂತ
ಹನ್ನೊಂದನೇ ಕಲಮು. ಯಾವತ್ತಾದ್ರೂ ಕಳಿಸೀಯಾ?"

ಬದಲಿ.
ಅಪ್ಪ ಸತ್ತ ಮೂರನೇ ದಿನ
ಬಾಗಿಲಿಗೆ ಆಟೋ ಬಂದಿತ್ತು, ಸಾಹುಕಾರರೇ ಕಳಿಸಿದ್ದು,
ಬಾಡಿಗೆ ಮೊದಲೇ ಕೊಟ್ಟು.
ಎಂಥ ದೊಡ್ಡ ಮನಸ್ಸು ಅಂತ
ಈ ತನಕ ನೂರು ಮಂದಿಗೆ ಹೇಳಿದ್ದೇನೆ.

"ಅದನ್ನ ಬರ್ದು ಕೊಡ್ತೀಯಾ?" ಅಂದರು.
ಅವರ ಪೆನ್ನು ಆ ಆಟೋದ ಕೆಳಗೆ
ಎರಡು ಸಲ ಗೆರೆ ಎಳೆಯಿತು.
"ಇದು ನೌಕರಿನಪ್ಪಾ. ಕಾಗದಕ್ಕೆ ಮಾತ್ರ ಗೊತ್ತಿಲ್ಲ."
ಹಂಗಾದ್ರೆ ತೆರಿಗೆ ಎಷ್ಟು, ತಿಂಗಳಿಗೆ ಕೈಗೆ ಎಷ್ಟು?
"ಅದನ್ನ ಲೆಕ್ಕದೋರನ್ನ ಕೇಳು."

ಡೆನಿಮ್ಮಿಗೆ ಹಾಸು ನೀಲಿ, ಹೊಕ್ಕು ಬಿಳಿ.
ಎದುರಿಂದ ನೋಡಿದವರು ನೀಲಿ ಅಂತಾರೆ,
ಮಗುಚಿ ನೋಡಿದವರು ಬಿಳಿಚು ಅಂತಾರೆ.
ಇಬ್ಬರದೂ ಸುಳ್ಳಲ್ಲ.
ಆದರೆ ಕತ್ತರಿಸುವವನಿಗೆ
ಬಟ್ಟೆ ಒಂದೇ.

ಮೆಟ್ಟಿಲಿಂದ ಓಣಿಗೆ, ಓಣಿಯಿಂದ ಮೆಟ್ಟಿಲಿಗೆ
ಆ ವಾರ ಮೂರು ಸಲ ತಿರುಗಿದೆ.
ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸೋಣ ಅಂದರೆ
ಅವರಿಗೆ ಮೊಣಕಾಲು ನೋವು, ಇವರಿಗೆ ಹಿಯರಿಂಗು.

ಸೋಮವಾರ ಬೆಳಗ್ಗೆ, ಇನ್ನೂ ಯಾರೂ ಬಂದಿರಲಿಲ್ಲ,
ಏಳೂ ಪುಟ ಟೇಬಲ್ಲಿನ ಮೇಲೆ ಹಾಸಿದೆ.
ಅಂಗೈಯಿಂದ ನೆರಿಗೆ ತೀಡಿದೆ, ಅಭ್ಯಾಸಬಲ.
ಹನ್ನೊಂದನೇ ಕಲಮಿನ ಸುತ್ತ ಸುಣ್ಣದ ಗುರುತು.
ಆಟೋ ಬಗ್ಗೆ ಬರೆದ ಚೀಟಿ ಜೇಬಲ್ಲಿ,
ಪೆನ್ನೂ ಅದೇ ಜೇಬಲ್ಲಿ.

ಗಂಟೆ ಬಾರಿಸಿತು.
ಮನಸ್ಸು ಇನ್ನೂ ಐದನೇ ಪುಟದಲ್ಲಿತ್ತು.
ಕಾಲು ಎದ್ದು ನಿಂತಿತ್ತು.