ನಾಲ್ಕನೆಯ ಮನೆ

ಮಗೇಸ ಮೇಷ್ಟ್ರು ದೋಣಿಕಟ್ಟೆಯಿಂದ ನೇರ ಬಂದವರೇ
ಪ್ಲಾಸ್ಟಿಕ್ ಬೋಗುಣಿಯೊಂದನ್ನು ಮೇಜಿಗೆ ಕುಕ್ಕಿದರು.
ಉಕೆರೆವೆ ದ್ವೀಪ, ಏಳನೇ ತರಗತಿ, ನಲವತ್ತಾರು ಮಂದಿ,
ಬೋಗುಣಿ ತುಂಬ ಫುರು ಮೀನು.
'ವಿಂಗಡಿಸಿ' ಅಂದರು. ಅಷ್ಟೆ.

ಮಸಾಲು ಎರಡು ಗುಂಪು ಮಾಡಿದ: ಮಾರುವಂಥವು, ಮಾರದಂಥವು.
ಅವರಪ್ಪನ ತಕ್ಕಡಿ ಅವನ ಕೈಯಲ್ಲೇ ಇತ್ತು.
ನ್ಯಂಜಿಗೆ ಕರಿಯುವುದಕ್ಕೊಂದಷ್ಟು, ಸಾರಿಗೊಂದಷ್ಟು, ಬೆಕ್ಕಿಗೊಂದಷ್ಟು ಇಟ್ಟಳು.
ನಾನು ಬಣ್ಣ ಹಿಡಿದು ಹೊರಟೆ. ನೀಲಿ ಇತ್ತ, ಕೆಂಪು ಅತ್ತ,
ಬೂದು ಹೆಣ್ಣುಗಳ ರಾಶಿಯ ಮುಂದೆ ಕೈಕಟ್ಟಿ ನಿಂತೆ.
ಮೇಷ್ಟ್ರು ಯಾರನ್ನೂ ತಪ್ಪೆನ್ನಲಿಲ್ಲ. ಬೋರ್ಡಿನ ಮೇಲೆ
ವಂಶ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ
ಮೆಟ್ಟಿಲು ಮೆಟ್ಟಿಲಾಗಿ ಬರೆದು
'ಇಳಿದಷ್ಟೂ ಜನ ಕಡಿಮೆ, ನೆಂಟಸ್ತಿಕೆ ಹತ್ತಿರ' ಎಂದರು.

ನನ್ನಕ್ಕ ಕಬುಲಾಗೆ ಬೋರ್ಡು ಕಾಣುವುದಿಲ್ಲ.
ಮೊದಲ ಬೆಂಚಲ್ಲಿ ಕೂತರೂ ಅಕ್ಷರವೆಲ್ಲ ನೀರಲ್ಲಿ ಕದಡಿದ ಸುಣ್ಣ.
ಬಿಸಿಲಿಗೂ ಜನಕ್ಕೂ ಹೆದರಿ ಎರಡು ವರ್ಷ ತಡವಾಗಿ ಸೇರಿಸಿದ್ದಕ್ಕೆ
ನನ್ನ ಜೊತೆ ಒಂದೇ ತರಗತಿ.
ಅವಳೊಂದು ಮೀನೆತ್ತಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು,
ಪುಸ್ತಕ ಹಿಡಿಯುವ ಹಾಗೆಯೇ.
'ಇದು ಬಾಯಿ ಬಿಡ್ತಿಲ್ಲ ಸಾರ್.'
ಮೇಷ್ಟ್ರು ಲೋಟದ ನೀರಿಗೆ ಬಿಟ್ಟು ದವಡೆ ಮೆಲ್ಲಗೆ ಒತ್ತಿದರು:
ಸಾಸಿವೆಗೆ ಕಣ್ಣು ಬಂದಂತೆ
ಮರಿ, ಮತ್ತೊಂದು ಮರಿ, ಆಮೇಲೆ ಎಣಿಸಲಾಗಲಿಲ್ಲ.
ನಲವತ್ತಾರು ಬಾಯಿ ತೆರೆದುಕೊಂಡವು.

ಮಧ್ಯಾಹ್ನ ಸರೋವರದ ಕತೆ.
ಮೇಲಿನ ನೀರಿಗೆ ಸಿಗುವ ಬೆಳಕು ಬೇರೆ, ಆಳಕ್ಕಿಳಿಯುವುದು ಬೇರೆ.
ಮೇಲಿನವಳ ಕಣ್ಣಿಗೆ ನೀಲಿ ಗಂಡು ಒಪ್ಪಿತು,
ಆಳದವಳ ಕಣ್ಣಿಗೆ ಕೆಂಪು.
ಒಪ್ಪುತ್ತ ಒಪ್ಪುತ್ತ ಸಾವಿರ ಸಾವಿರ ತಲೆಮಾರು ಕಳೆದು
ಒಂದು ಬಳಗ ಎರಡಾಯಿತು,
ಯಾರೂ ಜಗಳವಾಡದೆ, ಪಾಲು ಕೇಳದೆ.
ಈಗ ನೀರು ರಾಡಿ. ರಾಡಿಯಲ್ಲಿ ನೀಲಿ ಯಾವುದು, ಕೆಂಪು ಯಾವುದು?
ಬೇರೆಯಾದವರು ಮತ್ತೆ ಬೆರೆಯುತ್ತಿದ್ದಾರೆ.
'ಹಾಗಾದರೆ ಅವು ಒಂದೋ, ಎರಡೋ?' ಮಸಾಲು ಕೇಳಿದ.
ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣ ನೋಡಿಕೊಂಡರು.
'ನೀನು ಯಾವಾಗ ಕೇಳ್ತೀಯ ಅನ್ನೋದರ ಮೇಲೆ.'

ಗುರುವಾರ ಚೌಕ ಬಂತು. ನಾಲ್ಕು ಮನೆ.
ನೆತ್ತಿಯ ಮೇಲೆ ಅಪ್ಪನ ಎರಡಕ್ಷರ, ಬದಿಯಲ್ಲಿ ಅಮ್ಮನ ಎರಡು.
ದೊಡ್ಡಕ್ಷರ ಪ್ರಬಲ, ಚಿಕ್ಕದು ದುರ್ಬಲ;
ದೊಡ್ಡದಿರುವ ಕಡೆ ಚಿಕ್ಕದು ಬಾಯಿ ಮುಚ್ಚಿಕೊಂಡಿರುತ್ತದೆ.
ಮೂರು ಮನೆ ಬೋರ್ಡಿನ ಕಪ್ಪಲ್ಲೇ ಉಳಿದವು.
ನಾಲ್ಕನೆಯದಕ್ಕೆ ಸೀಮೆಸುಣ್ಣ ತುಂಬಿದರು.
ಇಡೀ ತರಗತಿ ತಿರುಗಿತು
ಕಬುಲಾಳ ಅಗಲ ಅಂಚಿನ ಟೋಪಿಯತ್ತ,
ಒಣಹುಲ್ಲಿನ ಬಣ್ಣದ ರೆಪ್ಪೆಯತ್ತ.
ಅವಳಿಗೆ ಕೇಳಿಸಿದ್ದು ಬೆಂಚುಗಳ ಕಿರುಗುಟ್ಟುವಿಕೆ ಮಾತ್ರ.
'ಏನು ಬರೆದರು?'
ಅವಳ ಅಂಗೈಯಲ್ಲೇ ಚೌಕ ಗೀರಿದೆ, ಅಕ್ಷರ ಸಮೇತ.
ಬೆರಳು ಕೊನೆಯ ಮನೆಗೆ ಬಂದಾಗ ಮುಷ್ಟಿ ಮುಚ್ಚಿದಳು.
'ಉಳಿದ ಮೂರರಲ್ಲೂ ಎರಡು ಮನೆಗೆ ಚಿಕ್ಕಕ್ಷರ ಇದೆಯಲ್ಲ.
ನೀನು ಯಾವುದರಲ್ಲೋ?'
ಲೆಕ್ಕದಲ್ಲಿ ಅವಳು ಯಾವತ್ತೂ ನನಗಿಂತ ಮುಂದೆ.

ದುರ್ಬಲವಂತೆ.
ಎಷ್ಟು ಅಜ್ಜಂದಿರ ಮೈ ದಾಟಿ, ಎಷ್ಟು ಬಸಿರು ದಾಟಿ
ಒಂದು ಮಾತೂ ಆಡದೆ, ಒಂದು ಗೆರೆಯೂ ಸವೆಯದೆ
ಇಲ್ಲಿತನಕ ನಡೆದು ಬಂದದ್ದಕ್ಕೆ
ಈ ಹೆಸರಿಟ್ಟ ಪುಣ್ಯಾತ್ಮ ಯಾರೋ.

ಸಂಜೆ ಅಮ್ಮ ಮರಳ ಮೇಲೆ ಒಣಗಿದ ದಗಾ ಮೀನು ಗುಡಿಸುತ್ತಿದ್ದಳು.
ಹದಿನೈದು ವರ್ಷದಿಂದ ಅಜ್ಜಿಯ ಬಾಯಲ್ಲಿ ಒಂದೇ ಮಾತು:
ಇದು ಸೊಸೆಯ ತವರಿನ ಶಾಪ, ಮಗನ ರಕ್ತ ಚೊಕ್ಕ.
ನೋಟ್‌ಬುಕ್ ಬಿಡಿಸಿ ತೋರಿಸಿದೆ. ಇದು ನಿನ್ನದು, ಇದು ಅಪ್ಪನದು.
'ಅವರದೂ ಒಂದು ಇರಲೇಬೇಕಾ?'
'ಇಲ್ಲದಿದ್ದರೆ ಈ ಮನೆ ತುಂಬುವುದೇ ಇಲ್ಲ.'
ಅಮ್ಮ ಪೊರಕೆ ಕೆಳಗಿಟ್ಟಳು.
ಅಂಗೈಗೆ ಅಂಟಿದ ಬೆಳ್ಳಿ ಹುರುಪೆ ಒರೆಸಿಕೊಂಡಳು.
'ಗಟ್ಟಿಯಾಗಿ ಓದು,' ಅಂದಳು,
'ಅಡುಗೆಮನೆಗೆ ಕೇಳಿಸುವ ಹಾಗೆ.'

ಓದಿದೆ.
ಒಳಗೆ ಮರಗೆಣಸು ಕುಟ್ಟುತ್ತಿದ್ದ ಒನಕೆ
ಒಂದು ಪೆಟ್ಟು ತಪ್ಪಿ
ಮತ್ತೆ ಶುರುವಾಯಿತು.